1.9 ದೊಡ್ಡದೋ, 1.10 ದೊಡ್ಡದೋ?

ವರ್ತೂರು ಹೋಬಳಿಯ ಪಹಣಿಗಳನ್ನು ಬಿಡಿಸಿದರೆ 45/9, 45/10 ಎಂಬಂಥ ಸರ್ವೆ ನಂಬರುಗಳು ಕಾಣುವುದು ಸಾಮಾನ್ಯ. ಒಂದು ಕಾಲಕ್ಕೆ ಒಂದೇ ನಂಬರಿನಲ್ಲಿದ್ದ ಜಮೀನು ಅಣ್ಣತಮ್ಮಂದಿರ ಪಾಲಾಗಿ, ಪೋಡಿಯಾಗಿ, ಒಂದನೇ ಹಿಸ್ಸೆ, ಎರಡನೇ ಹಿಸ್ಸೆ ಎನ್ನುತ್ತ ಹತ್ತಕ್ಕೆ ಬಂದು ನಿಂತಿದೆ ಎಂಬುದು ಶಾಲೆಯ ಮುಖ ಕಾಣದ ರೈತನಿಗೂ ಗೊತ್ತು. 45/10 ಎಂಬುದು 45/9ರ ನಂತರ ಹುಟ್ಟಿದ್ದು. ಆದರೆ ಅದೇ ಗೆರೆಯ ಜಾಗದಲ್ಲಿ ಒಂದು ಚುಕ್ಕೆ ಇಟ್ಟು, ದಶಮಾಂಶ ಕಲಿತ ಮೊಮ್ಮಗನನ್ನು 45.9 ದೊಡ್ಡದೋ 45.10 ದೊಡ್ಡದೋ ಎಂದು ಕೇಳಿ ನೋಡಿ. 45.9 ಎನ್ನುತ್ತಾನೆ. ಅಜ್ಜನೂ ಸರಿ, ಮೊಮ್ಮಗನೂ ಸರಿ. ಗಣಕಯಂತ್ರ ಮಾತ್ರ ಇಬ್ಬರಲ್ಲಿ ಯಾರ ಮಾತು ಕೇಳಬೇಕೆಂದು ತಿಳಿಯದೆ ದಶಕಗಳಿಂದ ತಿಣುಕಾಡುತ್ತಿದೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಗಾಜಿನ ಕಟ್ಟಡಗಳಲ್ಲಿ ಪ್ರತಿದಿನ ನಡೆಯುವ ಕೆಲಸದ ಒಂದು ಪಾಲು ಈ ತಿಣುಕಾಟಕ್ಕೇ ಮೀಸಲು ಎಂದರೆ ಹೊರಗಿನವರಿಗೆ ಆಶ್ಚರ್ಯವಾದೀತು. ಇಂದು ಯಾವ ತಂತ್ರಾಂಶವನ್ನೂ ಯಾರೂ ಬುಡದಿಂದ ಬರೆಯುವುದಿಲ್ಲ. ದಿನಾಂಕ ತೋರಿಸಲು ಒಬ್ಬರು ಬರೆದ ತುಣುಕು, ಚಿತ್ರ ಕುಗ್ಗಿಸಲು ಇನ್ನೊಬ್ಬರದು, ಹಣ ಪಾವತಿಗೆ ಮತ್ತೊಬ್ಬರದು ಎಂದು ಸಿದ್ಧವಾಗಿರುವ ನೂರಾರು ಪ್ಯಾಕೇಜುಗಳನ್ನು ತಂದು ಜೋಡಿಸುತ್ತಾರೆ. ಆ ತುಣುಕುಗಳು ತಮ್ಮ ಕೆಲಸಕ್ಕೆ ಬೇರೆ ತುಣುಕುಗಳನ್ನು ನೆಚ್ಚಿಕೊಂಡಿರುತ್ತವೆ. ಇದಕ್ಕೆ ಅವಲಂಬನೆ ಎಂದು ಹೆಸರು. 'ನನಗೆ ಇಂಥ ಪ್ಯಾಕೇಜು ಬೇಕು, 1.9 ಅಥವಾ ಅದಕ್ಕಿಂತ ಹೊಸದಾಗಿರಬೇಕು' ಎಂದು ಪ್ರತಿ ತುಣುಕೂ ಒಂದು ಚೀಟಿ ಹಿಡಿದು ಬರುತ್ತದೆ. ಅಂಗಡಿಯಲ್ಲಿರುವುದು 1.10. ಕೊಡಬೇಕೋ, ಕೂಡದೋ? ಇದನ್ನು ತೀರ್ಮಾನಿಸುವುದು ಮನುಷ್ಯನಲ್ಲ, ಇನ್ನೊಂದು ತಂತ್ರಾಂಶ. ಅದಕ್ಕೆ ಅಜ್ಜನ ಲೆಕ್ಕ ಹೇಳಿಕೊಟ್ಟಿದ್ದರೆ ಸರಿ. ಮೊಮ್ಮಗನ ಲೆಕ್ಕ ಹೇಳಿಕೊಟ್ಟಿದ್ದರೆ ಹೊಸದನ್ನು ಹಳೆಯದೆಂದು ತಿಳಿದು ತಿರಸ್ಕರಿಸುತ್ತದೆ.

ಇದೇನು ಅಷ್ಟು ದೊಡ್ಡ ವಿಷಯವೇ ಎನ್ನುವವರು ಎಲೆಕ್ಟ್ರಾನಿಕ್ ಸಿಟಿಯ ಚರಿತ್ರೆಯನ್ನೇ ನೆನಪಿಸಿಕೊಳ್ಳಬಹುದು. ಆರ್.ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಈ ಬಡಾವಣೆಗೆ 1978ರಲ್ಲಿ ಅಡಿಪಾಯ ಹಾಕಿದಾಗ ಅಲ್ಲಿ ತಂತ್ರಾಂಶದ ಮಾತೇ ಹೆಚ್ಚಿರಲಿಲ್ಲ, ಟಿ.ವಿ., ದೂರವಾಣಿ, ಬಿಡಿಭಾಗಗಳ ತಯಾರಿಕೆಯೇ ಗುರಿ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಕಂಪನಿಗಳಿಗೆ ಅಮೆರಿಕ, ಯುರೋಪುಗಳ ಬಾಗಿಲು ಅಗಲವಾಗಿ ತೆರೆದುಕೊಂಡದ್ದಕ್ಕೆ ಒಂದು ಮುಖ್ಯ ಕಾರಣ 'ವೈಟುಕೆ', ಅಂದರೆ ಇಸವಿಯನ್ನು ಎರಡೇ ಅಂಕೆಯಲ್ಲಿ ಬರೆದಿಟ್ಟಿದ್ದ ಹಳೆಯ ತಂತ್ರಾಂಶಗಳ ರಿಪೇರಿ. 99ರ ನಂತರ 00 ಬಂದರೆ ಯಂತ್ರಕ್ಕೆ ಕಾಲ ಹಿಂದಕ್ಕೆ ಓಡಿದಂತೆ ಕಾಣುತ್ತದೆ. ಹೊಸದು ಯಾವುದು, ಹಳೆಯದು ಯಾವುದು ಎಂದು ಅಂಕೆ ನೋಡಿ ಹೇಳಲಾಗದ ಸ್ಥಿತಿ. 1.9 ಮತ್ತು 1.10ರ ಜಗಳ ಈ ಸಂಸಾರಕ್ಕೇ ಸೇರಿದ ಕಿರಿಯ ಕೂಸು. ವೈಟುಕೆಗೆ ಒಂದು ಗಡುವಿತ್ತು, ಮುಗಿಯಿತು. ಇದಕ್ಕೆ ಗಡುವಿಲ್ಲ.

ಆವೃತ್ತಿಗೆ ಅಂಕೆ ಕೊಡುವುದು ಪುಸ್ತಕದವರ ಹಳೆಯ ರೂಢಿ. ಕನ್ನಡ ಪ್ರಕಾಶಕರು 'ಮರುಮುದ್ರಣ' ಎಂಬುದಕ್ಕೂ 'ಪರಿಷ್ಕೃತ ಆವೃತ್ತಿ' ಎಂಬುದಕ್ಕೂ ವ್ಯತ್ಯಾಸ ಕಾಪಾಡಿಕೊಂಡು ಬಂದಿದ್ದಾರೆ. ಕಿಟೆಲ್ ನಿಘಂಟು 1894ರಲ್ಲಿ ಬಂತು, ಅದನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಹಿಗ್ಗಿಸಿದ ಸಂಪುಟಗಳನ್ನು ಮದರಾಸು ವಿಶ್ವವಿದ್ಯಾಲಯ 1968ರಿಂದ ಹೊರತಂದಿತು. 1894ರ ಪ್ರತಿಯನ್ನು ಛಾಯಾಪ್ರತಿಯಾಗಿ ಮತ್ತೆ ಅಚ್ಚು ಹಾಕಿದರೆ ಅದರ ಪುಟಸಂಖ್ಯೆ ಬದಲಾಗದು. ಭಟ್ಟರ ಪರಿಷ್ಕರಣದಲ್ಲಿ ಬದಲಾಗುತ್ತದೆ. 'ಕಿಟೆಲ್, ಪುಟ ಇಷ್ಟು' ಎಂದು ಅಡಿಟಿಪ್ಪಣಿ ಹಾಕಿದ ವಿದ್ವಾಂಸ ಯಾವ ಆವೃತ್ತಿ ಎಂದು ಹೇಳದಿದ್ದರೆ ಓದುಗ ಪುಟ ತಿರುವುತ್ತಲೇ ಇರಬೇಕು. ತಂತ್ರಾಂಶದ ಅವಲಂಬನೆಯೂ ಒಂದು ಬಗೆಯ ಅಡಿಟಿಪ್ಪಣಿ. ವ್ಯತ್ಯಾಸವೆಂದರೆ ಇಲ್ಲಿ ಪುಟ ಸಿಗದಿದ್ದರೆ ಪುಸ್ತಕವೇ ತೆರೆಯುವುದಿಲ್ಲ.

ಗಣಕದವರು ಈ ರೂಢಿಯನ್ನು ಎತ್ತಿಕೊಂಡರೇನೋ ಸರಿ, ಚುಕ್ಕೆಯ ಅರ್ಥವೇನೆಂದು ಒಮ್ಮತಕ್ಕೆ ಬರಲಿಲ್ಲ. 1980ರ ದಶಕದ ಫ್ಲಾಪಿಗಳಲ್ಲಿ ಬರುತ್ತಿದ್ದ ಡಾಸ್ 3.3 ತನ್ನ ಹೊಟ್ಟೆಯೊಳಗೆ ತನ್ನನ್ನು ಮೂರು ಮತ್ತು ಮೂವತ್ತು ಎಂದು ಗುರುತಿಸಿಕೊಳ್ಳುತ್ತಿತ್ತು. ಆದ್ದರಿಂದ ಅದು 3.20ಕ್ಕಿಂತ ಹೊಸದು. ಇದು ಮೊಮ್ಮಗನ ಲೆಕ್ಕ. ಪರ್ಲ್ ಎಂಬ ಭಾಷೆ 5.005ರ ತನಕ ದಶಮಾಂಶದಲ್ಲಿ ನಡೆದು, 2000ದಲ್ಲಿ 5.6.0 ಎಂದು ಅಜ್ಜನ ಲೆಕ್ಕಕ್ಕೆ ಹಾರಿತು. ಹಳೆಯ ಲೆಕ್ಕದವರ ಸಮಾಧಾನಕ್ಕೆ ಅದೇ ಆವೃತ್ತಿಯನ್ನು 5.006 ಎಂದೂ ಕರೆಯಬೇಕಾಯಿತು. ಎಲ್ಲಕ್ಕಿಂತ ವಿಚಿತ್ರ ಡೊನಾಲ್ಡ್ ನೂತ್ ಅವರದು. ಗಣಿತದ ಪುಸ್ತಕಗಳನ್ನು ಅಂದವಾಗಿ ಅಚ್ಚು ಮಾಡಲು ಅವರು ಬರೆದ ಟೆಕ್ ತಂತ್ರಾಂಶದ ಆವೃತ್ತಿ 3.1, 3.14, 3.141 ಎಂದು 'ಪೈ' ಬೆಲೆಯತ್ತ ಒಂದೊಂದೇ ಅಂಕೆ ಸರಿಯುತ್ತದೆ. 2021ರಲ್ಲಿ ಅದು 3.141592653 ಆಯಿತು. ತಾವು ತೀರಿಕೊಂಡ ಮೇಲೆ ಆವೃತ್ತಿಯನ್ನು ಪೈ ಎಂದೇ ಗುರುತಿಸಿ ನಿಲ್ಲಿಸಿಬಿಡಬೇಕು, ಆಮೇಲೆ ಉಳಿದ ತಪ್ಪುಗಳೆಲ್ಲ ಅದರ ಲಕ್ಷಣಗಳೇ ಎಂದು ತಿಳಿಯಬೇಕು ಎಂಬುದು ಅವರ ಇಚ್ಛೆ. ಇಂಥ ಐಷಾರಾಮ ಎಲ್ಲರಿಗೂ ಇರುವುದಿಲ್ಲ.

ಪೈಥಾನ್ ಭಾಷೆ 2021ರ ಅಕ್ಟೋಬರಿನಲ್ಲಿ 3.9ರಿಂದ 3.10ಕ್ಕೆ ಬಂದಾಗ ಜಗತ್ತಿನಾದ್ಯಂತ ಹಲವು ಕಡೆ ತಂತ್ರಾಂಶ ಕಟ್ಟುವ ವ್ಯವಸ್ಥೆಗಳು ಎಡವಿದವು. ಸಂರಚನೆಯ ಕಡತದಲ್ಲಿ ಉದ್ಧರಣ ಚಿಹ್ನೆಯಿಲ್ಲದೆ 3.10 ಎಂದು ಬರೆದರೆ ಯಂತ್ರ ಅದನ್ನು ಸಂಖ್ಯೆಯೆಂದು ಓದಿ, ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಕಿತ್ತೆಸೆದು, 3.1 ಬೇಕೆಂದು ಹುಡುಕತೊಡಗುತ್ತಿತ್ತು. ಹತ್ತು ವರ್ಷಕ್ಕೂ ಹಿಂದೆ ಸತ್ತುಹೋದ ಆವೃತ್ತಿ ಅದು!

ಇಂಥ ಗೊಂದಲಕ್ಕೆ ಬಹಳ ಮೊದಲೇ ಶಿಸ್ತಿನ ಪರಿಹಾರ ಹುಡುಕಿದವರು ಡೆಬಿಯನ್ ಬಳಗದವರು. ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದ ಈ ಲಿನಕ್ಸ್ ವಿತರಣೆ ಸಾವಿರಾರು ಜನ ಸಾವಿರಾರು ಶೈಲಿಯಲ್ಲಿ ಅಂಕೆ ಹಾಕಿದ ಪ್ಯಾಕೇಜುಗಳನ್ನು ಒಂದೇ ಸೂರಿನಡಿ ತರಬೇಕಿತ್ತು. ಅವರು ಕಂಡುಕೊಂಡ ವಿಧಾನ ಸರಳ. ಆವೃತ್ತಿಯನ್ನು ಎಡದಿಂದ ಬಲಕ್ಕೆ ಓದುತ್ತ ಅಕ್ಷರದ ತುಂಡು, ಅಂಕೆಯ ತುಂಡು ಎಂದು ಕತ್ತರಿಸುವುದು. ಅಕ್ಷರವನ್ನು ಅಕ್ಷರದೊಡನೆ, ಅಂಕೆಯನ್ನು ಅಂಕೆಯೊಡನೆ ಹೋಲಿಸುವುದು. ಹತ್ತು ಒಂಬತ್ತಕ್ಕಿಂತ ದೊಡ್ಡದು, ಮುಗಿಯಿತು. 1.0ಕ್ಕೆ ಮೊದಲು ಬರುವ ಕರಡು ಆವೃತ್ತಿಗಳಿಗೆ ಒಂದು ಅಲೆಗೀಟು ಚಿಹ್ನೆಯನ್ನು ಗೊತ್ತು ಮಾಡಿದರು. ಆ ಗೀಟು ಇದ್ದದ್ದು ಏನೂ ಇಲ್ಲದ್ದಕ್ಕಿಂತಲೂ ಚಿಕ್ಕದು ಎಂಬ ನಿಯಮ. ಹೀಗಾಗಿ '1.0~ಕರಡು' ಎಂಬುದು 1.0ರ ಹಿಂದೆಯೇ ನಿಲ್ಲುತ್ತದೆ.

ಆದರೆ ಲೇಖಕನೇ ಅಂಕೆಯ ಪದ್ಧತಿಯನ್ನು ಬದಲಾಯಿಸಿಬಿಟ್ಟರೆ? ನಿನ್ನೆಯವರೆಗೆ 20010315 ಎಂದು ದಿನಾಂಕವನ್ನೇ ಆವೃತ್ತಿಯಾಗಿ ಬಳಸುತ್ತಿದ್ದವನು ಇಂದು 1.0 ಎಂದು ಹೊಸದಾಗಿ ಶುರು ಮಾಡಿದರೆ? ಎರಡು ಕೋಟಿಯ ಮುಂದೆ ಒಂದು ಎಂದಿಗೂ ಹೊಸದೆನಿಸಿಕೊಳ್ಳದು. ಇದಕ್ಕೆ ಡೆಬಿಯನ್ನಿನವರು ಆವೃತ್ತಿಯ ಮುಂದೆ ಇನ್ನೊಂದು ಅಂಕೆ ಮತ್ತು ವಿಸರ್ಗದಂಥ ಎರಡು ಚುಕ್ಕೆ ಇಟ್ಟು, ಅದಕ್ಕೆ 'ಶಕೆ' ಎಂಬರ್ಥದ ಇಂಗ್ಲಿಷ್ ಹೆಸರು ಕೊಟ್ಟರು. 1:1.0 ಎಂದರೆ ಹೊಸ ಶಕೆಯ 1.0.

ಶಕೆ ಎಂಬ ಮಾತು ಕನ್ನಡ ಶಾಸನಗಳನ್ನು ಓದಿದವರಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದಾಗ ಶಾಲಿವಾಹನ ಶಕ 998. ಅವನು ಆ ಎಣಿಕೆಯನ್ನು ಬದಿಗಿಟ್ಟು ಚಾಲುಕ್ಯ ವಿಕ್ರಮ ವರ್ಷವನ್ನು ಒಂದರಿಂದ ಆರಂಭಿಸಿದ. ಕರ್ನಾಟಕದ ನೂರಾರು ಶಾಸನಗಳಲ್ಲಿ ಈ ವರ್ಷವೇ ಇದೆ. ಬರಿಯ ಅಂಕೆ ನೋಡಿ ಜೋಡಿಸುವ ದಡ್ಡ ಯಂತ್ರವೊಂದಕ್ಕೆ ಈ ಶಾಸನಗಳನ್ನು ಕೊಟ್ಟರೆ ವಿಕ್ರಮಾದಿತ್ಯ ತನ್ನ ಮುತ್ತಜ್ಜಂದಿರಿಗಿಂತ ಮೊದಲೇ ಹುಟ್ಟಿದವನಾಗುತ್ತಾನೆ. ಶಾಸನ ಬರೆಸಿದವರು ಜಾಣರು, 'ಚಾಲುಕ್ಯ ವಿಕ್ರಮ' ಎಂಬ ಮುನ್ನುಡಿಯನ್ನು ಮರೆಯಲಿಲ್ಲ. ಜೊತೆಗೆ ಸಂವತ್ಸರದ ಹೆಸರನ್ನೂ ಸೇರಿಸಿದರು. ಸಂವತ್ಸರವೊಂದನ್ನೇ ನಂಬುವಂತಿಲ್ಲ, ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ರಭವ 1987ರಲ್ಲಿ ಬಂದಿತ್ತು, ಮತ್ತೆ 2047ರಲ್ಲಿ ಬರುತ್ತದೆ. ಎರಡನ್ನೂ ಕೂಡಿಸಿ ಓದಿದರೆ ಮಾತ್ರ ಕಾಲ ನಿಲ್ಲುತ್ತದೆ. ಒಂಬೈನೂರು ವರ್ಷಗಳ ಹಿಂದಿನ ಈ ಜೋಡಿ ಗುರುತು ಡೆಬಿಯನ್ನಿನವರ ಉಪಾಯಕ್ಕಿಂತ ಏನೂ ಕಡಿಮೆಯದಲ್ಲ.

ಶಕೆಯನ್ನು ಒಮ್ಮೆ ಏರಿಸಿದರೆ ಇಳಿಸುವಂತಿಲ್ಲ, ಆದ್ದರಿಂದ ಅದನ್ನು ಬಳಸಲು ಡೆಬಿಯನ್ನಿನವರು ಬಹಳ ಹಿಂದೆ ಮುಂದೆ ನೋಡುತ್ತಾರೆ. 2024ರ ಮಾರ್ಚ್ ಕೊನೆಯಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. ಎಕ್ಸ್‌ಝಡ್ ಎಂಬ, ಕಡತಗಳನ್ನು ಅದುಮಿಡುವ ಪ್ಯಾಕೇಜಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಕಳ್ಳಬಾಗಿಲು ಇಟ್ಟಿದ್ದರು. ಮೈಕ್ರೋಸಾಫ್ಟಿನ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಲಾಗಿನ್ ಆಗಲು ಅರ್ಧ ಸೆಕೆಂಡು ತಡವಾಗುತ್ತಿರುವುದೇಕೆ ಎಂದು ಕೆದಕಿ ಅದನ್ನು ಹೊರಗೆಳೆದರು. ಈಗ ಎಲ್ಲ ಯಂತ್ರಗಳನ್ನೂ ಹಳೆಯ 5.4.5ಕ್ಕೆ ಮರಳಿಸಬೇಕು. ಆದರೆ ಯಂತ್ರಗಳಿಗೆ ಕಲಿಸಿರುವುದು ಮುಂದೆ ಹೋಗುವುದನ್ನು ಮಾತ್ರ. ಚಿಕ್ಕ ಅಂಕೆ ಕೊಟ್ಟರೆ ಅವು ಮುಟ್ಟುವುದಿಲ್ಲ. ಡೆಬಿಯನ್ನಿನವರು ಹೊಸ ಪ್ಯಾಕೇಜಿಗೆ ಕೊಟ್ಟ ಅಂಕೆಯನ್ನು ಕನ್ನಡದಲ್ಲಿ ಹೇಳುವುದಾದರೆ '5.6.1, ನಿಜವಾಗಿ 5.4.5' ಎಂದು. ತಮಾಷೆಯಲ್ಲ, 'ನಿಜವಾಗಿ' ಎಂಬರ್ಥದ ಇಂಗ್ಲಿಷ್ ಪದವನ್ನೇ ಆವೃತ್ತಿಯೊಳಗೆ ತುರುಕಿದ್ದರು.

ಅಂಕೆ ಕಾಲಕ್ರಮವನ್ನು ಹೇಳುತ್ತದೆಂಬ ನಂಬಿಕೆಯೇ ಕೆಲವೊಮ್ಮೆ ತಪ್ಪು. ಪೀಣ್ಯದಲ್ಲಿ ಇಸ್ರೋದ ಇಸ್ಟ್ರಾಕ್ ಕೇಂದ್ರವಿದೆ, ಉಪಗ್ರಹಗಳ ಜಾಡು ಹಿಡಿದು ಆಜ್ಞೆ ಕಳಿಸುವ ಕೇಂದ್ರ. ಅಲ್ಲಿಯವರಿಗೆ ಚಿರಪರಿಚಿತವಾದ ಪಿಎಸ್‌ಎಲ್‌ವಿ ರಾಕೆಟ್ಟಿನ ಹೆಸರುಗಳನ್ನೇ ನೋಡಿ. ಮೊದಲ ಹಾರಾಟ, 1993ರದು, ಡಿ1. ಅಭಿವೃದ್ಧಿಯ ಹಂತ ಮುಗಿದ ಮೇಲೆ 1997ರಲ್ಲಿ ಹಾರಿದ್ದು ಸಿ1. ಅಕ್ಷರ ಕ್ರಮದಲ್ಲಿ ಜೋಡಿಸಿದರೆ ಸಿ1 ಮೊದಲು ಬಂದು ಕೂರುತ್ತದೆ. ಅದಿರಲಿ, ಸಿ10 ಹಾರಿದ್ದು 2008ರ ಜನವರಿಯಲ್ಲಿ, ಸಿ9 ಹಾರಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ, ಒಟ್ಟಿಗೆ ಹತ್ತು ಉಪಗ್ರಹಗಳನ್ನು ಹೊತ್ತು. ಇಲ್ಲಿ ಹತ್ತು ನಿಜಕ್ಕೂ ಒಂಬತ್ತಕ್ಕಿಂತ ಮೊದಲು! ಸಿ12ರ ನಂತರ ಸಿ14 ಬಂತು. ಸಿ13 ಎಂಬುದು ಹುಟ್ಟಲೇ ಇಲ್ಲ. ರಾಕೆಟ್ಟಿಗೆ ಆ ಗುರುತು ಹೆಸರೇ ಹೊರತು ಸರದಿಯಲ್ಲ. ನಮ್ಮ 335ಇ ಬಸ್ಸಿನಂತೆ. ವೈಟ್‌ಫೀಲ್ಡ್ ಕಡೆಗೆ ಹೋಗುವವನು ಅದನ್ನು 335ಡಿಯ ಮುಂದಿನದು ಎಂದು ಎಣಿಸುತ್ತ ಕೂರುವುದಿಲ್ಲ, ಹತ್ತುತ್ತಾನೆ.

ಅಂಕೆಯನ್ನು ಹೆಸರಿನಿಂದಲೂ ಸರದಿಯಿಂದಲೂ ಮೇಲೆತ್ತಿ ಮಾತು ಕೊಡುವ ಸಾಧನವನ್ನಾಗಿ ಮಾಡಲು ಹೊರಟವರು ಗಿಟ್‌ಹಬ್ ಸ್ಥಾಪಕರಲ್ಲೊಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್. ಅವರು ರೂಪಿಸಿದ 'ಸೆಮ್‌ವರ್' ನಿಯಮಾವಳಿಯ 2.0.0 ಆವೃತ್ತಿ 2013ರಲ್ಲಿ ಬಂತು. ಮೂರು ಅಂಕೆ, ನಡುವೆ ಚುಕ್ಕೆ. ಬರಿಯ ತಪ್ಪು ತಿದ್ದಿದ್ದರೆ ಮೂರನೆಯದನ್ನು ಏರಿಸು. ಹಳೆಯದನ್ನು ಕೆಡಿಸದೆ ಹೊಸ ಸೌಲಭ್ಯ ಸೇರಿಸಿದ್ದರೆ ಎರಡನೆಯದನ್ನು. ಹಳೆಯ ಬಳಕೆದಾರನ ಕೆಲಸ ಕೆಡುವಂಥ ಬದಲಾವಣೆಯಾದರೆ ಮೊದಲನೆಯದನ್ನು. ಭೂಮಿ ಜಾಲತಾಣದಲ್ಲಿ ಪಹಣಿ ಕೇಳಿದರೂ ಮೂರು ಗುರುತು ಕೊಡಬೇಕಷ್ಟೆ: ಸರ್ವೆ ನಂಬರ್, ಸರ್‌ನಾಕ್, ಹಿಸ್ಸಾ ನಂಬರ್. ಆದರೆ ಪಹಣಿ ಯಾರಿಗೂ ಮಾತು ಕೊಡುವುದಿಲ್ಲ. ಸೆಮ್‌ವರ್ ಕೊಡುತ್ತದೆ. ಆ ಮಾತನ್ನು ನಂಬಿ ಪ್ಯಾಕೇಜುಗಳು '1.9ರಿಂದ ಮೇಲಕ್ಕೆ, ಆದರೆ 2ರ ಒಳಗೆ ಯಾವುದಾದರೂ ಸರಿ' ಎಂದು ಚೀಟಿ ಬರೆಯತೊಡಗಿದವು.

ಮಾತು ಉಳಿಸಿಕೊಳ್ಳುವುದು ಬರೆದವನ ಪ್ರಾಮಾಣಿಕತೆಗೆ ಬಿಟ್ಟದ್ದು. ತನ್ನ ತಿದ್ದುಪಡಿಯಿಂದ ಬೇರೆಯವರ ಕೆಲಸ ಕೆಡುವುದೆಂದು ಅವನಿಗೇ ಗೊತ್ತಿಲ್ಲದಿರಬಹುದು. ಇನ್ನು ಚೀಟಿಯಲ್ಲಿ ನಿರ್ದಿಷ್ಟವಾಗಿ ಇಂಥದ್ದೇ ಬೇಕು ಎಂದು ಹಟ ಹಿಡಿದವರ ಪಾಡೇನು? 2016ರ ಮಾರ್ಚ್ 22ರಂದು ಒಬ್ಬ ಲೇಖಕ ಹೆಸರಿನ ತಗಾದೆಯೊಂದರಲ್ಲಿ ಸಿಟ್ಟಾಗಿ ತನ್ನ ಪ್ಯಾಕೇಜುಗಳನ್ನೆಲ್ಲ ಎನ್‌ಪಿಎಂ ಎಂಬ ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡ. ಅದರಲ್ಲಿ 'ಲೆಫ್ಟ್‌ಪ್ಯಾಡ್' ಎಂಬ ಹನ್ನೊಂದು ಸಾಲಿನ ತುಣುಕೂ ಇತ್ತು. ಪದದ ಎಡಗಡೆ ಖಾಲಿ ಜಾಗ ತುಂಬುವುದಷ್ಟೇ ಅದರ ಉದ್ಯೋಗ. ಅದನ್ನು ನೇರವಾಗಿಯೋ ಬಳಸಾಗಿಯೋ ನೆಚ್ಚಿದ್ದ ಲೆಕ್ಕವಿಲ್ಲದಷ್ಟು ತಂತ್ರಾಂಶಗಳ ಕಟ್ಟೋಣ ನಿಂತುಹೋಯಿತು. ಬೇರೊಬ್ಬರು ಅಂಥದ್ದೇ ತುಣುಕನ್ನು 1.0.0 ಎಂದು ಕೂಡಲೇ ಒದಗಿಸಿದರೂ ಪ್ರಯೋಜನವಾಗಲಿಲ್ಲ. ಏಕೆಂದರೆ ಅನೇಕರ ಚೀಟಿಯಲ್ಲಿದ್ದದ್ದು 0.0.3. ಕೊನೆಗೆ ಭಂಡಾರದವರು ಲೇಖಕನ ಇಚ್ಛೆಗೆ ವಿರುದ್ಧವಾಗಿ ಆ 0.0.3ನ್ನೇ ಮರಳಿ ತಂದಿಡಬೇಕಾಯಿತು.

ಅದಕ್ಕಿಂತ ಘೋರವಾದದ್ದು 2021ರ ಡಿಸೆಂಬರಿನ ಲಾಗ್‌ಫೋರ್‌ಜೆ ಪ್ರಕರಣ. ಜಾವಾ ಭಾಷೆಯ ತಂತ್ರಾಂಶಗಳು ದಿನಚರಿ ಬರೆದುಕೊಳ್ಳಲು ಬಳಸುವ ಈ ಪ್ಯಾಕೇಜಿನಲ್ಲಿ, ದೂರದಿಂದಲೇ ಯಂತ್ರವನ್ನು ವಶಮಾಡಿಕೊಳ್ಳಬಹುದಾದ ದೋಷ ಬಯಲಾಯಿತು. ಸರಿಪಡಿಸಿದ ಆವೃತ್ತಿ 2.15.0 ಎಂದರು. ಅದು ಸಾಲದು, 2.16.0 ಎಂದರು. ಆಮೇಲೆ 2.17.0. ತಿಂಗಳ ಕೊನೆಗೆ 2.17.1. ಮೂರು ವಾರದೊಳಗೆ ನಾಲ್ಕು ಅಂಕೆ. ಬ್ಯಾಂಕು, ವಿಮಾನ ಸಂಸ್ಥೆ, ಅಂಗಡಿ ಸರಪಳಿಗಳ ಜಾವಾ ವ್ಯವಸ್ಥೆಗಳನ್ನು ನೋಡಿಕೊಳ್ಳುವುದನ್ನೇ ಕಸುಬಾಗಿಸಿಕೊಂಡಿರುವ ಬೆಂಗಳೂರಿನ ಹೊರವಲಯಕ್ಕೆ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಹೊಸ ಆವೃತ್ತಿ ಹಾಕುವುದು ಕಷ್ಟದ ಕೆಲಸವಾಗಿರಲಿಲ್ಲ. ಹಳೆಯದು ಎಲ್ಲೆಲ್ಲಿ ಅಡಗಿದೆ ಎಂದು ಹುಡುಕುವುದೇ ಕಷ್ಟ. ಒಂದು ಪ್ಯಾಕೇಜಿನೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಎಂದು ಡಬ್ಬಿಯೊಳಗೆ ಡಬ್ಬಿ ಬಿಚ್ಚುತ್ತ ಹೋಗಬೇಕಿತ್ತು. ತಂತ್ರಾಂಶದೊಳಗೆ ಏನೇನು, ಯಾವ ಆವೃತ್ತಿಯದು ಸೇರಿದೆ ಎಂಬ ಪಟ್ಟಿ ಇರಬೇಕೆಂಬ ಒತ್ತಾಯಕ್ಕೆ ಆ ನಂತರ ಬಲ ಬಂತು. ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಅಂಥ ಪಟ್ಟಿಯ ಕುರಿತು 2024ರಲ್ಲಿ ಮಾರ್ಗಸೂಚಿ ಪ್ರಕಟಿಸಿತು.

ಈ ಪಟ್ಟಿಯ ಶಿಸ್ತು ಪೀಣ್ಯದ ಲೇತ್ ಮುಂದೆ ನಿಂತವನಿಗೆ ಹಳೆಯದು. ಅವನ ಕೈಗೆ ಬರುವ ಡ್ರಾಯಿಂಗಿನ ಮೂಲೆಯಲ್ಲಿ ಪರಿಷ್ಕರಣೆಯ ಅಕ್ಷರವಿರುತ್ತದೆ: ಎ, ಬಿ, ಸಿ. ಆರ್ಡರಿನಲ್ಲಿ ಸಿ ಎಂದಿದ್ದರೆ ಸಿ ಪ್ರಕಾರವೇ ಕಡೆಯಬೇಕು. 'ಬಿ ಅಥವಾ ಅದರ ನಂತರದ್ದು ಯಾವುದಾದರೂ' ಎಂಬ ಸೌಕರ್ಯ ಅವನಿಗಿಲ್ಲ. ಹಳೆಯ ಡ್ರಾಯಿಂಗ್ ಹಿಡಿದು ಮಾಡಿದ ಇಡೀ ಲಾಟು ಗುಜರಿಗೆ ಹೋಗುತ್ತದೆ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮಾನಕದ ಪ್ರಕಾರ ಈ ಅಕ್ಷರಗಳಲ್ಲಿ ಐ, ಓ, ಕ್ಯೂ, ಎಸ್, ಎಕ್ಸ್, ಝಡ್‌ಗಳನ್ನು ಬಳಸುವಂತಿಲ್ಲ. ಎಣ್ಣೆ ಮೆತ್ತಿದ ಕಾಗದದ ಮೇಲೆ ಐ ಎಂಬುದು ಒಂದರಂತೆ, ಓ ಎಂಬುದು ಸೊನ್ನೆಯಂತೆ ಕಂಡೀತು. ವೈ ಮುಗಿದ ಮೇಲೆ ಎಎ, ಎಬಿ ಎಂದು ಮುಂದುವರಿಯುತ್ತದೆ. ಎಎ ಎಂಬುದು ಬಿಗಿಂತ ಬಹಳ ಹೊಸದು ಎಂಬುದು ಕೆಲಸಗಾರನಿಗೆ ಗೊತ್ತು. ಅಕ್ಷರ ಕ್ರಮದ ಯಂತ್ರಕ್ಕೆ ಗೊತ್ತಿಲ್ಲ. ತಂತ್ರಾಂಶದವರೂ ಈಗ ಪರೀಕ್ಷಿಸಿ ಒಪ್ಪಿದ ಆವೃತ್ತಿಗಳನ್ನು 'ಲಾಕ್' ಕಡತದಲ್ಲಿ ಒಂದೊಂದಾಗಿ ಬರೆದು ಬೀಗ ಹಾಕುತ್ತಾರೆ. ಪೀಣ್ಯದ ಪಾಠ ಎಲೆಕ್ಟ್ರಾನಿಕ್ ಸಿಟಿ ತಲುಪಲು ತಡವಾಯಿತು ಎಂದು ಈ ಲೇಖಕನಿಗನಿಸುತ್ತದೆ. ಬೀಗ ಹಾಕಿ ಮರೆತರೆ ಲಾಗ್‌ಫೋರ್‌ಜೆಯಂಥ ದೋಷವೂ ಒಳಗೇ ಉಳಿಯುತ್ತದೆ ಎಂಬುದು ಬೇರೆ ಮಾತು.

ಅಂಕೆಗೆ ಇಟ್ಟ ಜಾಗವೇ ಸಾಲದೆ ಹೋದದ್ದೂ ಉಂಟು. ಲಿನಕ್ಸ್ ಕರ್ನೆಲ್‌ನ ಆವೃತ್ತಿಯ ಮೂರನೇ ಅಂಕೆಗೆ ಎಂಟು ಬಿಟ್‌ಗಳ, ಅಂದರೆ 255ರವರೆಗಿನ ಜಾಗ ಮೀಸಲಿಟ್ಟಿದ್ದರು. ಯಾರು ಅಷ್ಟು ಸಲ ತಿದ್ದುತ್ತಾರೆ? 2021ರ ಫೆಬ್ರುವರಿಯಲ್ಲಿ 4.4 ಮತ್ತು 4.9 ಸರಣಿಗಳು 256ಕ್ಕೆ ಬಂದೇಬಿಟ್ಟವು. ಬಿಟ್ಟರೆ 4.4.256 ಎಂಬುದು 4.5.0 ಎಂದು ಓದಿಸಿಕೊಳ್ಳುತ್ತಿತ್ತು. ಒಳಗಿನ ಎಣಿಕೆಯನ್ನು 255ಕ್ಕೇ ಕಟ್ಟಿಹಾಕಿ ಪಾರಾದರು.

ಕನ್ನಡದ ಓದುಗರು ಇದೆಲ್ಲ ಎಂಜಿನಿಯರುಗಳ ತಲೆನೋವೆಂದು ದೂರ ನಿಲ್ಲುವಂತಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದವರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯನ್ನು ಕಂಡಿರುತ್ತಾರೆ. ಅವಲಂಬನೆ ತಪ್ಪಿದ ಕಡತವೆಂದರೆ ಅದೇ. ಇದಕ್ಕೆ ಮದ್ದಾಗಿ ಬಂದ ಯೂನಿಕೋಡಿಗೂ ಆವೃತ್ತಿಗಳಿವೆ. 1991ರ 1.0ರಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಅವಗ್ರಹ ಸೇರಿದ್ದು 2003ರಲ್ಲಿ, 4.0ರಲ್ಲಿ. ಹಳೆಯ ಕನ್ನಡ ಬರಹಗಳಲ್ಲಿ ಬರುವ ನಕಾರಪೊಲ್ಲು 14.0ರವರೆಗೆ, ಅಂದರೆ 2021ರವರೆಗೆ ಕಾಯಬೇಕಾಯಿತು. 13 ಮಾತ್ರ ತಿಳಿದಿರುವ ಫೋನಿನಲ್ಲಿ ಅದರ ಜಾಗದಲ್ಲಿ ಖಾಲಿ ಡಬ್ಬಿ ಕಾಣುತ್ತದೆ.

ಯೂನಿಕೋಡ್ ಕೊಟ್ಟಿರುವ ಮಾತು ಸೆಮ್‌ವರ್‌ಗಿಂತ ಬಿಗಿ. ಹೊಸದನ್ನು ಸೇರಿಸುತ್ತದೆ, ಇಟ್ಟದ್ದನ್ನು ತೆಗೆಯುವುದಿಲ್ಲ, ಸ್ಥಾನ ಕದಲಿಸುವುದಿಲ್ಲ, ಕೊಟ್ಟ ಹೆಸರನ್ನೂ ಬದಲಿಸುವುದಿಲ್ಲ. ಯಾರ ತಂತ್ರಾಂಶ ಯಾವ ಹೆಸರನ್ನು ನೆಚ್ಚಿಕೊಂಡಿದೆಯೋ ಯಾರು ಬಲ್ಲರು? ಇದರ ಪರಿಣಾಮವನ್ನು ಅನುಭವಿಸುತ್ತಿರುವುದು ಹಳಗನ್ನಡದ ೞ ಅಕ್ಷರ. ಮೊದಲ ಪಟ್ಟಿ ಮಾಡಿದವರು ಅದನ್ನು ಇಂಗ್ಲಿಷಿನ ಎಫ್ ಧ್ವನಿಯ ಅಕ್ಷರವೆಂದು ತಪ್ಪಾಗಿ ತಿಳಿದು 'ಕನ್ನಡ ಅಕ್ಷರ ಫ' ಎಂಬರ್ಥದ ಹೆಸರಿಟ್ಟರು. ತಪ್ಪೆಂದು ತಿಳಿದ ಮೇಲೆ ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ. ಮೂಲ ಪಟ್ಟಿಯಲ್ಲಿ ೞ ಇಂದಿಗೂ ಫ ಆಗಿಯೇ ಇದೆ.